ಮನೆ ಯಾರ ನೆನಪಿನ ಮೇಲೆ ನಡೆಯುತ್ತದೆ

ಚಿ. ಸುಹಾಸನಿಗೆ ಚಿಕ್ಕಮ್ಮನ ಆಶೀರ್ವಾದಗಳು.

ನೀನೂ ಮೇಘಾಳೂ ಬೇರೆ ಮನೆ ಮಾಡುತ್ತಿದ್ದೀರಿ. ಯಾರು ಹೇಳುವವರು, ಯಾರು ಕೇಳುವವರು ಎಂಬುದು ಮೊದಲ ಕೆಲವು ತಿಂಗಳಲ್ಲೇ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಬದಲಿಸುವುದು ಕಷ್ಟ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಮನೆಗೆಲಸ ಯಾವುದೇ ಇರಲಿ, ಅದಕ್ಕೆ ಮೂರು ಭಾಗ: ಆಗಬೇಕಿದೆ ಎಂದು ಗಮನಿಸುವುದು, ಯಾವಾಗ ಹೇಗೆ ಎಂದು ಯೋಚಿಸುವುದು, ಮಾಡುವುದು. "ಏನು ಮಾಡ್ಬೇಕು ಹೇಳು, ಮಾಡ್ತೀನಿ" ಅನ್ನುವ ಗಂಡ ಮೂರನೆಯದಕ್ಕೆ ಮಾತ್ರ ಕೈ ಹಾಕುತ್ತಾನೆ. ಬಟ್ಟೆ ಒಗೆಯುವುದನ್ನೇ ನೋಡು. ಸೋಪಿನ ಪುಡಿ ಮುಗಿಯುತ್ತಾ ಬಂದದ್ದು ಕಾಣಬೇಕು, ಬಣ್ಣ ಬಿಡುವ ಬಟ್ಟೆ ಬೇರೆ ತೆಗೆಯಬೇಕು, ಜೇಬು ತಡವಬೇಕು, ಮೋಡ ನೋಡಿಕೊಂಡು ಒಣಹಾಕಬೇಕು, ಮಡಚಿ ಅವರವರ ಕಪಾಟಿಗೆ ಇಡಬೇಕು. ಮಷಿನ್ನಿನ ಗುಂಡಿ ಒತ್ತಿದರೆ ಇದರಲ್ಲಿ ಆಗುವುದು ಸ್ವಲ್ಪವೇ.

ಹಾಗಾಗಿ ಒಂದು ವಾರ ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ, ಮಾಡಿದ್ದನ್ನೂ ನೆನಪಿಟ್ಟುಕೊಂಡದ್ದನ್ನೂ ಬರೆಯಿರಿ. ಆಮೇಲೆ ಕೂತು, ಬಟ್ಟೆಯ ಕೆಲಸವಾದರೆ ಸೋಪಿನಿಂದ ಕಪಾಟಿನವರೆಗೆ ಒಬ್ಬರದೇ ಎಂಬಂತೆ ಹಂಚಿಕೊಳ್ಳಿ. ಗಂಟೆ ಲೆಕ್ಕ ಒಂದನ್ನೇ ಹಿಡಿಯಬೇಡಿ. ಬಿಲ್ ಕಟ್ಟುವುದು, ಬಲ್ಬ್ ಬದಲಿಸುವುದು ನಾಳೆಗೂ ಆದೀತು. ಅಡುಗೆ, ಮಗುವಿನ ಆರೈಕೆ ನಾಳೆಗೆ ನಿಲ್ಲುವುದಿಲ್ಲ. ನಿಲ್ಲದ ಕೆಲಸವೆಲ್ಲ ಒಬ್ಬರ ಪಾಲಿಗೇ ಹೋಗಿದ್ದರೆ ಆ ಹಂಚಿಕೆ ಸರಿಯಿಲ್ಲ. ಮೂರು ತಿಂಗಳಿಗೊಮ್ಮೆ ಕೆಲವನ್ನು ಅದಲುಬದಲು ಮಾಡಿಕೊಳ್ಳಿ.

ಇದು ಹೆಚ್ಚಾಗಿ ಕೆಡುವುದು ಒಂದೇ ಕಡೆ: ನೀನು ಮಾಡಿದ್ದು ಚೊಕ್ಕಟವಾಗಿಲ್ಲ ಎಂದು ಅವಳು ಮತ್ತೆ ಮಾಡುತ್ತಾಳೆ, "ಹಾಗಾದರೆ ನೀನೇ ಮಾಡ್ಕೋ" ಎಂದು ನೀನು ಕೈಬಿಡುತ್ತೀಯ. ಎಷ್ಟಾದರೆ ಸಾಕು ಎಂಬುದನ್ನು ಮೊದಲೇ ಒಪ್ಪಿಕೊಳ್ಳಿ. ಒಪ್ಪಿದ ಮೇಲೆ ಅವಳು ತಿದ್ದಬಾರದು, ನೀನು ಅರೆಬರೆ ಮಾಡಬಾರದು.

ಇದು ನಿಮ್ಮಿಬ್ಬರ ಖಾಸಗಿ ವಿಷಯವಷ್ಟೇ ಅಂದುಕೊಳ್ಳಬೇಡ. 1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡಿನ ಸುಮಾರು ಶೇಕಡಾ 90ರಷ್ಟು ಹೆಂಗಸರು ಆಫೀಸಿನದೂ ಮನೆಯದೂ ಕೆಲಸ ನಿಲ್ಲಿಸಿದರು. ಅಪ್ಪಂದಿರು ಮಕ್ಕಳನ್ನು ಕಟ್ಟಿಕೊಂಡೇ ಕೆಲಸಕ್ಕೆ ಹೋಗಬೇಕಾಯಿತು. ಮರುವರ್ಷವೇ ಅಲ್ಲಿ ಗಂಡು ಹೆಣ್ಣಿನ ಸಮಾನತೆಯ ಕಾನೂನು ಬಂತು.

ದುಡ್ಡಿಗೆ ಮೂರು ಖಾತೆ ಇರಲಿ: ಒಂದು ಜಂಟಿ, ಒಂದು ನಿನ್ನದು, ಒಂದು ಅವಳದು. ಒಟ್ಟು ಸಂಪಾದನೆಯಲ್ಲಿ ನಿನ್ನದು 60, ಅವಳದು 40 ಪಾಲಾದರೆ ಮನೆಖರ್ಚಿಗೂ ಅದೇ ಲೆಕ್ಕದಲ್ಲಿ ಹಾಕಿ. ಸಮಸಮ ಹಾಕಿದರೆ ಕಡಿಮೆ ದುಡಿಯುವವರ ಕೈ ಖಾಲಿಯಾಗುತ್ತದೆ. ಒಬ್ಬರ ದುಡಿಮೆ ನಿಂತರೆ ಅವರ ಸ್ವಂತ ಖಾತೆಗೆ ತಿಂಗಳ ಮೊದಲ ದಿನವೇ, ಕೇಳದೆ, ಹಣ ಹೋಗಬೇಕು. ಪ್ರತಿ ಸಲ ಕೇಳಬೇಕಾದವರು ಪ್ರತಿ ಸಲ ಕಾರಣವನ್ನೂ ಹೇಳಬೇಕಾಗುತ್ತದೆ. ಸಾಲ, ವಿಮೆಯ ಕಾಗದ ಎಲ್ಲಿದೆ ಎಂದು ಇಬ್ಬರಿಗೂ ಗೊತ್ತಿರಲಿ.

ಅವಳ ಫೋನು ಅವಳದು. ಗೆಳತಿಯರ ಜೊತೆ ಆಡಿದ ಮಾತಿನ ವರದಿ ಕೇಳಬೇಡ.

"ಮನೆ ವಿಷಯ ಹೊರಗೆ ಹೋಗಬಾರದು" ಎಂಬ ಮಾತು ಸಣ್ಣಪುಟ್ಟ ಮನಸ್ತಾಪಕ್ಕೆ ಸರಿ. ಕೈ ಎತ್ತಿದರೆ, ದುಡ್ಡು ತಡೆದರೆ, ಹೊರಗೆ ಹೋಗಲು ಬಿಡದಿದ್ದರೆ ಅದು ಮನೆ ವಿಷಯವಾಗಿ ಉಳಿಯುವುದಿಲ್ಲ. ಹಾಗೇನಾದರೂ ಆದರೆ ನಾನು ಅವಳ ಪರ ನಿಲ್ಲುತ್ತೇನೆ, ಇದು ಈಗಲೇ ನಿನಗೆ ತಿಳಿದಿರಲಿ.

ನಮ್ಮ ಕಡೆಯವರಿಗೆ ಇಲ್ಲ ಅನ್ನಬೇಕಾಗಿ ಬಂದಾಗ ನೀನೇ ಹೇಳು, ಅವಳ ಬಾಯಲ್ಲಿ ಹೇಳಿಸಬೇಡ. ನನಗೆ ಹೇಳಬೇಕಾದಾಗಲೂ ಅಷ್ಟೇ.

ಇತಿ,
ನಿನ್ನ ಚಿಕ್ಕಮ್ಮ