ಯಾವುದು ಒಡೆಯಿತು, ಏನಾಯಿತು: ಯುವ ವಿಜ್ಞಾನ ಬರಹಗಾರರಿಗೊಂದು ಪತ್ರ

ಪ್ರಿಯ ಕಿರಿಯ ಮಿತ್ರರೇ,

ನೀವು ಕಳುಹಿಸಿದ ಲೇಖನಮಾಲೆಯನ್ನು ಓದಿದೆ. ಮಾಹಿತಿಗೆ ಕೊರತೆಯಿಲ್ಲ, ಶ್ರಮವೂ ಕಾಣುತ್ತದೆ. ಆದರೆ ಇಂಗ್ಲಿಷಿನ 'ಡಿಗ್ರೇಡೇಶನ್' ಎಂಬ ಪದ ಬಂದಲ್ಲೆಲ್ಲ ನೀವು 'ಅವನತಿ' ಎಂದು ಬರೆದಿದ್ದೀರಿ: ಮಾತ್ರೆಯ ಅವನತಿ, ಪ್ರೋಟೀನಿನ ಅವನತಿ, ಪ್ಲಾಸ್ಟಿಕ್ಕಿನ ಅವನತಿ. ಸಾಮ್ರಾಜ್ಯಗಳಿಗಾದರೆ ಈ ಮಾತು ಒಪ್ಪುತ್ತದೆ. ಮಾತ್ರೆ ಯಾವ ಸಿಂಹಾಸನದ ಮೇಲೂ ಕುಳಿತಿರಲಿಲ್ಲ. ಯಾವುದು, ಯಾವುದರ ದೆಸೆಯಿಂದ, ಏನಾಗಿ ಒಡೆಯಿತು ಎಂದು ಪ್ರತಿ ಸಲವೂ ಬಿಡಿಸಿ ಹೇಳುವುದೇ ನಿಮ್ಮ ಕೆಲಸ ಎಂಬುದು ನನ್ನ ಅಭಿಪ್ರಾಯ.

ಔಷಧಗಳನ್ನೇ ನೋಡಿ. ಆಸ್ಪಿರಿನ್ ತೇವಾಂಶದೊಡನೆ ವರ್ತಿಸಿ ಸ್ಯಾಲಿಸಿಲಿಕ್ ಆಮ್ಲವಾಗಿಯೂ ಅಸಿಟಿಕ್ ಆಮ್ಲವಾಗಿಯೂ ಒಡೆಯುತ್ತದೆ. ಹಳೆಯ ಶೀಶೆಯ ಮುಚ್ಚಳ ತೆರೆದಾಗ ಬರುವ ವಿನೆಗರ್ ವಾಸನೆಗೆ ಕಾರಣ ಇದೇ. ಟೆಟ್ರಾಸೈಕ್ಲಿನ್ ಕಥೆ ಬೇರೆ: ಅವಧಿ ಮೀರಿದ ಈ ಔಷಧವನ್ನು ಸೇವಿಸಿದವರಲ್ಲಿ ಮೂತ್ರಪಿಂಡದ ತೊಂದರೆ ಕಾಣಿಸಿಕೊಂಡುದನ್ನು ಅಮೆರಿಕದ ವೈದ್ಯರು 1963ರಲ್ಲಿ ವರದಿ ಮಾಡಿದರು, ಮತ್ತು ಅದಕ್ಕೆ ಕಾರಣವೆಂದು ಗುರುತಿಸಿದ್ದು ಔಷಧ ಒಡೆದು ಹುಟ್ಟಿದ ವಸ್ತುಗಳನ್ನು. ಹೃದ್ರೋಗಿಗಳು ನಾಲಿಗೆಯಡಿ ಇಟ್ಟುಕೊಳ್ಳುವ ನೈಟ್ರೋಗ್ಲಿಸರಿನ್ ಮಾತ್ರೆಯಾದರೋ ಬಹುಮಟ್ಟಿಗೆ ಒಡೆಯುವುದೇ ಇಲ್ಲ. ಅದರೊಳಗಿನ ಔಷಧ ಆವಿಯಾಗಿ ಹೋಗುತ್ತದೆ, ಗಾಜಿನ ಶೀಶೆಯೂ ಬಿಗಿ ಮುಚ್ಚಳವೂ ಅದಕ್ಕಾಗಿಯೇ. ಒಂದು ಸತ್ವಗುಂದಿತು, ಒಂದು ಹಾನಿಕರವಾಯಿತು, ಇನ್ನೊಂದು ಸುಮ್ಮನೆ ಜಾಗ ಖಾಲಿ ಮಾಡಿತು. 'ಅವನತಿ' ಎಂದರೆ ಓದುಗರಿಗೆ ಇವುಗಳಲ್ಲಿ ಯಾವುದೂ ತಿಳಿಯುವುದಿಲ್ಲ.

ದೇಹದೊಳಗೆ ಹೋದರಂತೂ ನಿಮ್ಮ ಪದ ತಲೆಕೆಳಗಾಗುತ್ತದೆ. ಜೀವಕೋಶವು ಬೇಡವಾದ ಮತ್ತು ತಪ್ಪಾಗಿ ಮಡಚಿಕೊಂಡ ಪ್ರೋಟೀನುಗಳಿಗೆ ಯುಬಿಕ್ವಿಟಿನ್ ಎಂಬ ಗುರುತನ್ನು ಅಂಟಿಸಿ, ಪ್ರೋಟಿಯಾಸೋಮ್ ಎಂಬ ರಚನೆಯಲ್ಲಿ ಅವನ್ನು ತುಂಡರಿಸುತ್ತದೆ. ಇದನ್ನು ಬಯಲಿಗೆಳೆದ ಆರನ್ ಚಿಯೆಖನೋವರ್, ಆವ್ರಾಮ್ ಹೆರ್ಷ್ಕೊ ಮತ್ತು ಅರ್ವಿನ್ ರೋಸ್ ಅವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದಿತು. ಈ ತುಂಡರಿಸುವಿಕೆ ನಿಂತರೆ ಕೋಶವೇ ಉಳಿಯುವುದಿಲ್ಲ. 2003ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಬೋರ್ಟೆಜೋಮಿಬ್ ಎಂಬ ಔಷಧ ಪ್ರೋಟಿಯಾಸೋಮನ್ನು ತಡೆದು, ಮಲ್ಟಿಪಲ್ ಮೈಲೋಮಾ ಎಂಬ ಕ್ಯಾನ್ಸರಿನ ಕೋಶಗಳನ್ನು ಸಾಯಿಸುವುದು ಹೀಗೆಯೇ. ಇಲ್ಲಿ ಒಡೆಯುವುದು ಆರೋಗ್ಯ, ಒಡೆಯದಿರುವುದು ಸಾವು. ಅಂದಹಾಗೆ, ಮಂಡಿಯ ಮೃದ್ವಸ್ಥಿ ಸವೆಯುವುದನ್ನು ವೈದ್ಯರು ಡಿಜೆನರೇಶನ್ ಎನ್ನುತ್ತಾರೆ, ಡಿಗ್ರೇಡೇಶನ್ ಎಂದಲ್ಲ. ನೀವು ಅದನ್ನೂ ಇದೇ ಬುಟ್ಟಿಗೆ ಹಾಕಿದ್ದೀರಿ, ದಯವಿಟ್ಟು ತೆಗೆಯಿರಿ.

ರಸಾಯನಶಾಸ್ತ್ರಜ್ಞನಿಗೆ ಒಡೆಯುವುದು ಎಷ್ಟೋ ಸಲ ಓದುವ ವಿಧಾನ. ಸ್ವೀಡನ್ನಿನ ಪೇರ್ ಎಡ್ಮನ್ 1950ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಪ್ರೋಟೀನಿನ ಒಂದು ತುದಿಯಿಂದ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಕಳಚಿ ಗುರುತಿಸಲಾಗುತ್ತದೆ. ಅದರ ಹೆಸರೇ ಎಡ್ಮನ್ ಡಿಗ್ರೇಡೇಶನ್. ಪ್ಲಾಸ್ಟಿಕ್ಕಿನ ಬಗ್ಗೆ ಒಂದೇ ಮಾತು: ಬೇಗ ಪುಡಿಯಾಗುವ ಚೀಲವೆಲ್ಲ ಮಣ್ಣಿಗೆ ಸೇರುವ ಚೀಲವಲ್ಲ, ಹೀಗೆ ಆಮ್ಲಜನಕದ ಸಂಪರ್ಕದಲ್ಲಿ ಚೂರುಚೂರಾಗುವ 'ಆಕ್ಸೋ-ಡಿಗ್ರೇಡಬಲ್' ಪ್ಲಾಸ್ಟಿಕ್ಕನ್ನು ಯುರೋಪಿಯನ್ ಒಕ್ಕೂಟ 2021ರಿಂದ ನಿಷೇಧಿಸಿತು.

ಡಿಗ್ರೇಡೇಶನ್ನಿಗೆ ಮನುಷ್ಯರನ್ನು ಹೀನಾಯವಾಗಿ ಕಾಣುವುದು ಎಂಬ ಅರ್ಥವೂ ಇದೆ; ಅದನ್ನು ಕುರಿತ ನಿಮ್ಮ ಕೊನೆಯ ಕಂತು ನನಗೆ ಹೆಚ್ಚು ತೊಡಕಾಗಿ ಕಂಡಿತು. 'ಕುಷ್ಠರೋಗದಿಂದ ರೋಗಿಗಳ ಬದುಕು ಅಧೋಗತಿಗಿಳಿಯಿತು' ಎಂದು ಬರೆದಿದ್ದೀರಿ. ನರಗಳಿಗೆ ಪೆಟ್ಟು ಕೊಟ್ಟದ್ದು ಬ್ಯಾಕ್ಟೀರಿಯಾ, ನಿಜ. ಆದರೆ ನಿರ್ಗತಿಕ ರೋಗಿಗಳನ್ನು ಹಿಡಿದು ಪ್ರತ್ಯೇಕವಾಗಿಡಲು ಅವಕಾಶ ಕೊಟ್ಟದ್ದು ಬ್ರಿಟಿಷ್ ಭಾರತದ 1898ರ ಕುಷ್ಠರೋಗಿಗಳ ಕಾಯಿದೆ. ಅದು ರದ್ದಾಗಿದ್ದು 2016ರಲ್ಲಿ. ಔಷಧದಿಂದ ಗುಣವಾಗುವ ಈ ಕಾಯಿಲೆಯನ್ನು ವಿಚ್ಛೇದನದ ಕಾರಣಗಳ ಪಟ್ಟಿಯಿಂದ ಸಂಸತ್ತು ತೆಗೆದದ್ದು 2019ರಲ್ಲಿ. ರಾಸಾಯನಿಕ ಕ್ರಿಯೆಯ ವಾಕ್ಯಕ್ಕೆ ಕರ್ತೃ ಇಲ್ಲದಿದ್ದರೂ ನಡೆದೀತು. ಮನುಷ್ಯರನ್ನು ಹೀನಾಯವಾಗಿ ಕಂಡದ್ದನ್ನು 'ಇಳಿಯಿತು' ಎಂದು ಬರೆದರೆ ಇಳಿಸಿದವರು ವಾಕ್ಯದಿಂದಲೇ ನುಣುಚಿಕೊಳ್ಳುತ್ತಾರೆ. ಆ ಕಂತನ್ನು ಕಾಯಿದೆಯಿಂದ ಆರಂಭಿಸಿ ಮತ್ತೆ ಬರೆಯಿರಿ. ಉಳಿದವುಗಳಿಗೆ ಪೆನ್ಸಿಲ್ಲಿನ ತಿದ್ದುಪಡಿ ಸಾಕು, ಅಂಚಿನಲ್ಲಿ ಗುರುತು ಹಾಕಿದ್ದೇನೆ.

ನಿಮ್ಮ ವಿಶ್ವಾಸಿ