ಅಣ್ಣನ ಮುಖ ನೋಡುವ ಮೊದಲು

ಪ್ರೀತಿಯ ತಂಗಿಗೆ,

ಕರ್ತನಲ್ಲಿ ವಂದನೆಗಳು. ನೀನು ಕಳಿಸಿದ ಕಥೆ ಹೋದ ವಾರ ಕೈಸೇರಿತು. ಎರಡು ಸಲ ಓದಿದೆ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ ಬರುವ ತಮ್ಮ ಯಾಕೋಬ, ಅಣ್ಣ ಏಸಾವರ ಕಥೆಯನ್ನು ನಮ್ಮ ಮಾತಿನಲ್ಲಿ ಹೊಸದಾಗಿ ಬರೆಯಬೇಕು ಅಂತ ನಿನಗೆ ಅನಿಸಿತಲ್ಲ, ಅದೇ ನನಗೆ ದೊಡ್ಡ ಖುಷಿ. ಹಸಿದ ಏಸಾವ ತಮ್ಮನ ಬೇಳೆಯ ಊಟಕ್ಕೆ ತನ್ನ ಚೊಚ್ಚಲತನವನ್ನು, ಅಂದರೆ ಹಿರಿಯ ಮಗನ ಹಕ್ಕನ್ನು, ಮಾರುವ ಅಡುಗೆಯ ದೃಶ್ಯ ತುಂಬ ಚೆನ್ನಾಗಿ ಬಂದಿದೆ. ಆ ಕೆಂಪು ಬೇಳೆ ಕುದಿಯುವ ಸದ್ದು ನನಗೆ ಕೇಳಿಸಿತು. ಆದರೆ ಕೊನೆ ಹಿಡಿಸಲಿಲ್ಲ. ಇಬ್ಬರೂ ಎದುರಾದರು, ಅಪ್ಪಿಕೊಂಡರು, ಅತ್ತರು, ದೇವರಿಗೆ ಸ್ತೋತ್ರ. ನಾಲ್ಕೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀಯ. ಆದಿಕಾಂಡ ಇಷ್ಟು ಬೇಗ ಮುಗಿಸುವುದಿಲ್ಲ.

ಮೊದಲು ಒಂದು ಸಣ್ಣ ವಿಷಯ. ಸಣ್ಣದು ಅಂದೆ, ಆದರೆ ನಿನ್ನ ಕಥೆ ನಿಲ್ಲುವುದೇ ಅದರ ಮೇಲೆ. ಹೀಬ್ರೂ ಭಾಷೆಯಲ್ಲಿ ಅಣ್ಣನಿಗೂ ತಮ್ಮನಿಗೂ ಒಂದೇ ಮಾತು, ‘ಆಹ್’. ಕನ್ನಡದಲ್ಲಿ ಹಾಗೆ ತಪ್ಪಿಸಿಕೊಳ್ಳುವುದಕ್ಕೆ ಆಗುವುದಿಲ್ಲ. ಬಾಯಿ ತೆರೆದ ಕೂಡಲೇ ಯಾರು ದೊಡ್ಡವನು, ಯಾರು ಚಿಕ್ಕವನು ಅಂತ ಹೇಳಲೇಬೇಕು. ಇವರು ಅವಳಿಗಳು. ಒಂದು ಗಳಿಗೆಯ ಅಂತರ. ಎರಡನೆಯವನು ಮೊದಲನೆಯವನ ಹಿಮ್ಮಡಿ ಹಿಡಿದುಕೊಂಡೇ ಹೊರಗೆ ಬಂದ. ಚೊಚ್ಚಲತನದ ಜಗಳ ನಮ್ಮ ಭಾಷೆಯಲ್ಲಿ ಕರೆಯುವ ಮಾತಿನಲ್ಲೇ ಕೂತಿದೆ, ಅಲ್ವಾ? ನಿನ್ನ ಕಥೆಯಲ್ಲಿ ಯಾಕೋಬ ಬೇಳೆ ಬೇಯಿಸುವಾಗಲೇ ‘ಅಣ್ಣಾ, ಅಣ್ಣಾ’ ಅನ್ನುತ್ತಾನೆ. ಅದನ್ನು ತೆಗೆದುಬಿಡು. ತಾನು ತಮ್ಮ ಅನ್ನುವುದನ್ನೇ ಒಪ್ಪದವನು ಅವನು. ಆ ಮಾತು ಅವನ ಬಾಯಲ್ಲಿ ಅಷ್ಟು ಸುಲಭವಾಗಿ ಹೊರಡುವುದಿಲ್ಲ.

33ನೇ ಅಧ್ಯಾಯವನ್ನು ಇದೊಂದನ್ನೇ ಗಮನಿಸುತ್ತಾ ಓದು. ಎದುರಾದ ಮೇಲೆ ಯಾಕೋಬ ಮತ್ತೆ ಮತ್ತೆ ‘ನನ್ನ ಒಡೆಯ’ ಅನ್ನುತ್ತಾನೆ, ತನ್ನನ್ನು ‘ನಿನ್ನ ಸೇವಕ’ ಅನ್ನುತ್ತಾನೆ. ಏಸಾವ ಒಬ್ಬನೇ ‘ನನಗೆ ಬೇಕಾದಷ್ಟು ಇದೆ, ತಮ್ಮಾ, ನಿನ್ನದು ನಿನಗೇ ಇರಲಿ’ ಅನ್ನುವುದು. ಸಂಬಂಧದ ಹೆಸರು ಹಿಡಿದು ಮೊದಲು ಕರೆದವನು ಮೋಸ ಹೋದವನು. ನಿನ್ನ ಕಥೆಯಲ್ಲಿ ಆ ‘ತಮ್ಮಾ’ ಅನ್ನುವ ಮಾತು ಅಲ್ಲಿಯೇ, ಅವನ ಬಾಯಿಂದಲೇ ಬರಲಿ. ಅದಕ್ಕಿಂತ ಮೊದಲು ಯಾರೂ ಅದನ್ನು ಖರ್ಚು ಮಾಡಬಾರದು.

ಈಗ ನಿನ್ನ ಕಥೆಯ ಕೊನೆಗೆ ಬರುತ್ತೇನೆ. ತಂದೆ ಇಸಾಕನ ಕಣ್ಣು ಮಂಜಾಗಿತ್ತು. ಯಾಕೋಬ ತನ್ನ ಕೈಗೆ, ಕೊರಳಿಗೆ ಆಡಿನ ಮರಿಯ ತೊಗಲು ಸುತ್ತಿಕೊಂಡು, ಅಣ್ಣನ ಬಟ್ಟೆ ಹಾಕಿಕೊಂಡು ಹೋಗಿ ಆಶೀರ್ವಾದ ಕದ್ದ. ಏನು ಆ ಆಶೀರ್ವಾದ? ‘ನಿನ್ನ ಅಣ್ಣತಮ್ಮಂದಿರಿಗೆ ಒಡೆಯನಾಗು, ನಿನ್ನ ತಾಯಿಯ ಮಕ್ಕಳು ನಿನಗೆ ಅಡ್ಡಬೀಳಲಿ’ ಅಂತ. ಅಣ್ಣನ ಸಿಟ್ಟಿಗೆ ಹೆದರಿ ಊರು ಬಿಟ್ಟು ಹೋಗಿ 20 ವರ್ಷ ಕಳೆದ ಮೇಲೆ, ಇಬ್ಬರೂ ಎದುರಾದಾಗ, ನಡೆದದ್ದೇನು? ಆಶೀರ್ವಾದ ಪಡೆದವನೇ ನೆಲ ಮುಟ್ಟಿ ಏಳು ಸಲ ಅಡ್ಡಬಿದ್ದ. ಅವನೇ ‘ಒಡೆಯ’ ಅಂದ. ಕದ್ದ ಮಾತುಗಳು ಒಂದೊಂದಾಗಿ ಹಿಂದಕ್ಕೆ ಹೋಗುತ್ತಿವೆ, ನೋಡು.

ಕಾಣಿಕೆಯ ಲೆಕ್ಕವನ್ನು ನೀನು ‘ಬಹಳ ದನಕರುಗಳನ್ನು ಕೊಟ್ಟನು’ ಅಂತ ಒಂದೇ ಉಸಿರಿಗೆ ಹೇಳಿ ಬಿಟ್ಟಿದ್ದೀಯ. ಪುಸ್ತಕ ಎಣಿಸುತ್ತದೆ. 200 ಮೇಕೆ, 20 ಹೋತ, 200 ಕುರಿ, 20 ಟಗರು, ಮರಿಗಳ ಜೊತೆ ಹಾಲು ಕೊಡುವ 30 ಒಂಟೆ, 40 ಆಕಳು, 10 ಹೋರಿ, 20 ಹೆಣ್ಣು ಕತ್ತೆ, 10 ಗಂಡು ಕತ್ತೆ. ಒಂಟೆಯ ಮರಿಗಳನ್ನು ಬಿಟ್ಟರೆ 550 ಪ್ರಾಣಿ. ಹೆದರಿದವನು ಎಣಿಸುತ್ತಾನೆ. ಅಣ್ಣ 400 ಜನರ ಜೊತೆ ಬರುತ್ತಿದ್ದಾನೆ ಅಂತ ಸುದ್ದಿ ಬಂದಿದೆ. ಮಂದೆ ಮಂದೆಗೂ ನಡುವೆ ಜಾಗ ಬಿಡಿ ಅಂತ ಆಳುಗಳಿಗೆ ಹೇಳುತ್ತಾನೆ. ಒಂದರ ಹಿಂದೆ ಒಂದು ಬರಲಿ, ಅಣ್ಣನ ಸಿಟ್ಟು ಸ್ವಲ್ಪ ಸ್ವಲ್ಪವಾಗಿ ಇಳಿಯಲಿ ಅಂತ. ಆ ಧೂಳನ್ನು ಬರಿ. ಆ ಜಾಗ ಬಿಟ್ಟ ಮಂದೆಗಳನ್ನು ಬರಿ.

ಅಲ್ಲೇ, 32ನೇ ಅಧ್ಯಾಯದ 20ನೇ ವಚನದಲ್ಲಿ, ‘ಮುಖ’ ಅನ್ನುವ ಮಾತು ಹೀಬ್ರೂವಿನಲ್ಲಿ ನಾಲ್ಕು ಸಲ ಬರುತ್ತದೆ. ನನ್ನ ಮುಖದ ಮುಂದೆ ಹೋಗುವ ಕಾಣಿಕೆಯಿಂದ ಅವನ ಮುಖವನ್ನು ಶಾಂತ ಮಾಡುತ್ತೇನೆ, ಆಮೇಲೆ ಅವನ ಮುಖ ನೋಡುತ್ತೇನೆ, ಬಹುಶಃ ಅವನು ನನ್ನ ಮುಖ ಎತ್ತಾನು. ಸರಿಸುಮಾರು ಹೀಗೆ. ಇದಕ್ಕೆ ನಮ್ಮ ಭಾಷೆ ಹೇಳಿ ಮಾಡಿಸಿದ ಹಾಗಿದೆ. ‘ಯಾವ ಮುಖ ಇಟ್ಟುಕೊಂಡು ಹೋಗಲಿ’ ಅನ್ನುತ್ತೇವೆ. ಮುಖ ತಿರುಗಿಸಿದ, ಮುಖ ಕೊಟ್ಟು ಮಾತಾಡಲಿಲ್ಲ, ಮುಖ ಎತ್ತಿ ನೋಡಲಿಲ್ಲ. ಎಲ್ಲವೂ ನಮ್ಮ ಮನೆಗಳಲ್ಲಿ ದಿನಾ ಓಡಾಡುವ ಮಾತುಗಳು. ಆ ರಾತ್ರಿ ಯಬ್ಬೋಕ್ ಹೊಳೆಯ ಹತ್ತಿರ ಯಾರೋ ಅವನ ಜೊತೆ ಬೆಳಗಾಗುವ ತನಕ ಹೋರಾಡಿದರು. ಆ ಜಾಗಕ್ಕೆ ಅವನು ಪೆನೀಯೇಲ್, ‘ದೇವರ ಮುಖ’, ಅಂತ ಹೆಸರಿಟ್ಟ. ಬೆಳಿಗ್ಗೆ ಕುಂಟುತ್ತಾ ಹೋಗಿ ಅಣ್ಣನಿಗೆ ಹೇಳಿದ, ನಿನ್ನ ಮುಖ ನೋಡಿದ್ದು ದೇವರ ಮುಖ ನೋಡಿದ ಹಾಗಾಯಿತು ಅಂತ. ನೀನು ಹೊಳೆಯ ದೃಶ್ಯವನ್ನು ಒಂದು ಕಡೆ, ಅಣ್ಣತಮ್ಮಂದಿರ ದೃಶ್ಯವನ್ನು ಇನ್ನೊಂದು ಕಡೆ ಇಟ್ಟಿದ್ದೀಯ. ಅವೆರಡೂ ಒಂದೇ ರಾತ್ರಿ, ಒಂದೇ ಬೆಳಗು. ಬೇರೆ ಮಾಡಬೇಡ.

ಇನ್ನು ನನಗೆ ತುಂಬ ಪ್ರಿಯವಾದ ಜಾಗ, 33:11. ಹತ್ತನೇ ವಚನದ ತನಕ ಅವನು ಕೊಡುತ್ತಿದ್ದದ್ದಕ್ಕೆ ‘ಮಿನ್ಹಾ’ ಅನ್ನುತ್ತಾನೆ, ಅಂದರೆ ಕಾಣಿಕೆ. ಹನ್ನೊಂದರಲ್ಲಿ ಮಾತು ಬದಲಾಗುತ್ತದೆ. ‘ನನ್ನ ಬೆರಾಖಾವನ್ನು ತೆಗೆದುಕೋ’ ಅನ್ನುತ್ತಾನೆ. ಬೆರಾಖಾ ಅಂದರೆ ಆಶೀರ್ವಾದ. ಕಣ್ಣು ಕಾಣದ ತಂದೆಯ ಮುಂದೆ ಕದ್ದದ್ದು ಅದೇ. ಏಸಾವ ಕೂಗಿ ಅತ್ತು ‘ನನ್ನನ್ನೂ ಆಶೀರ್ವದಿಸು ಅಪ್ಪಾ’ ಅಂತ ಕೇಳಿಕೊಂಡದ್ದೂ ಅದನ್ನೇ. ಏಸಾವ ಮೊದಲು ಬೇಡ ಅಂದ. ಇವನು ಒತ್ತಾಯ ಮಾಡಿದ. ಅವನು ತೆಗೆದುಕೊಂಡ. ಒಂದಾಗುವುದು ಅಂದರೆ ನನ್ನ ಓದಿನಲ್ಲಿ ಇದು. ಅಪ್ಪುಗೆ ಬೇಗ ಬರಬಹುದು, ಏಸಾವ ಓಡಿಕೊಂಡೇ ಬಂದ. ಆದರೆ ಕಸಿದುಕೊಂಡದ್ದು ವಾಪಸ್ ಹೋಗಬೇಕು, ಅದನ್ನು ಇನ್ನೊಬ್ಬರು ಕೈಚಾಚಿ ತೆಗೆದುಕೊಳ್ಳಬೇಕು. ನಿನ್ನ ಕಥೆಯಲ್ಲಿ ಇದೇ ಇಲ್ಲ.

ನನ್ನ ಮನೆಯ ಒಂದು ವಿಷಯ ಹೇಳುತ್ತೇನೆ. ಅವ್ವ ತೀರಿಕೊಂಡಾಗ ಅವಳ ಸತ್ಯವೇದವನ್ನು ನಾನು ಯಾರನ್ನೂ ಕೇಳದೆ ಧಾರವಾಡಕ್ಕೆ ತಂದೆ. ದಪ್ಪ ರಟ್ಟಿನ ಹಳೇ ಪುಸ್ತಕ. ಮೊದಲ ಹಾಳೆಯಲ್ಲಿ ಮನೆಯವರ ಹುಟ್ಟು, ದೀಕ್ಷಾಸ್ನಾನ, ಮದುವೆ, ಸಾವು ಎಲ್ಲ ಮಸಿಯಲ್ಲಿ ಬರೆದದ್ದು. ಬರೆಯುವವಳು ನಾನು, ಓದುವವಳು ನಾನು, ನನಗೇ ಸೇರಬೇಕು ಅಂತ ಅಂದುಕೊಂಡೆ. ಅಣ್ಣ ಏನೂ ಅನ್ನಲಿಲ್ಲ. ಸುಮ್ನೆ ಫೋನ್ ಮಾಡುವುದನ್ನು ಬಿಟ್ಟ. ಆರು ವರ್ಷ. ಮತ್ತಾಯನ ಐದನೇ ಅಧ್ಯಾಯದಲ್ಲಿ ಯೇಸು ಸ್ವಾಮಿ ಹೇಳುತ್ತಾರಲ್ಲ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ನಿನ್ನ ಸಹೋದರನ ಸಂಗಡ ಒಂದಾಗು ಅಂತ, ಆ ಭಾಗವನ್ನು ಎಷ್ಟು ಸಲ ಸಭೆಯಲ್ಲಿ ಓದಿದ್ದೇನೋ. ಕೊನೆಗೆ ಒಂದು ದಿನ ಪುಸ್ತಕವನ್ನು ಅವ್ವನ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಗದಗಿನ ಬಸ್ಸು ಹತ್ತಿದೆ.

ಅಣ್ಣ ಬಾಗಿಲು ತೆರೆದು ‘ಬಾ’ ಅಂದ. ಅತ್ತಿಗೆ ಚಹಾ ಇಟ್ಟಳು. ಮೇಜಿನ ಮೇಲೆ ಇಟ್ಟ ಗಂಟನ್ನು ಚಹಾ ಮುಗಿಯುವ ತನಕ ಅವನು ಮುಟ್ಟಲಿಲ್ಲ. ಆಮೇಲೆ ಕೈ ತೊಳೆದು, ಟವೆಲ್ಲಿಗೆ ಒರೆಸಿಕೊಂಡು, ಮೊದಲ ಹಾಳೆ ತೆರೆದ. ಒಳಗಿನಿಂದ ಪೆನ್ನು ತರಿಸಿದ. ಆ ಆರು ವರ್ಷದಲ್ಲಿ ಹುಟ್ಟಿದ ಇಬ್ಬರು ಮೊಮ್ಮಕ್ಕಳ ಹೆಸರನ್ನು ನಿಧಾನವಾಗಿ ಬರೆದ. ಎರಡನೇ ಹೆಸರು ನನಗೆ ಗೊತ್ತೇ ಇರಲಿಲ್ಲ. ಅವನು ಬರೆಯುವಾಗ ಓದಿ ತಿಳಿದುಕೊಂಡೆ. ನಾವು ಅಪ್ಪಿಕೊಳ್ಳಲಿಲ್ಲ. ಸಂಜೆಯ ಬಸ್ಸಿಗೆ ವಾಪಸ್ ಬಂದೆ. ಈಗ ಫೋನ್ ಬರುತ್ತದೆ. ಹೊಲದ ಮಾತು ಇನ್ನೂ ಇಬ್ಬರೂ ಎತ್ತುವುದಿಲ್ಲ.

ಅದಕ್ಕೇ ನನಗೆ ಆದಿಕಾಂಡದ ಮುಂದಿನ ಸಾಲುಗಳು ತುಂಬ ನಿಜ ಅನಿಸುತ್ತವೆ. ಏಸಾವ ತನ್ನ ನಾಡಾದ ಸೇಯೀರಿಗೆ ‘ಬಾ, ಒಟ್ಟಿಗೆ ಹೋಗೋಣ’ ಅಂದ. ಯಾಕೋಬ ‘ಮಕ್ಕಳು ಎಳೆಯವು, ದನಕರುಗಳಿಗೆ ಹಾಲು ಕುಡಿಯುವ ಮರಿಗಳಿವೆ, ನಿಧಾನವಾಗಿ ಸೇಯೀರಿಗೆ ಬರುತ್ತೇನೆ’ ಅಂದ. ಆದರೆ ಹೋದದ್ದು ಸುಕ್ಕೋತ್ ಅನ್ನುವ ಬೇರೆ ಜಾಗಕ್ಕೆ. ಅವನು ಸೇಯೀರಿಗೆ ಹೋದ ಸುದ್ದಿ ಎಲ್ಲಿಯೂ ಇಲ್ಲ. ಇಬ್ಬರೂ ಮತ್ತೆ ಜೊತೆಗೆ ಕಾಣುವುದು 180 ವರ್ಷ ಬದುಕಿದ ಇಸಾಕನನ್ನು ಹೂಣಿಡುವಾಗ. ಅಷ್ಟೇ. ನೀನು ಅವರನ್ನು ಒಂದೇ ಮನೆಯಲ್ಲಿ ಕೂರಿಸಿ ಊಟ ಮಾಡಿಸಿದ್ದೀಯ. ಆ ದೂರವನ್ನು ಅಳಿಸಬೇಡ. ಓದುವವರಲ್ಲಿ ಎಷ್ಟೋ ಜನ ಮನೆಯವರ ಜೊತೆ ಮತ್ತೆ ಮಾತಾಡುತ್ತಿದ್ದರೂ ಒಟ್ಟಿಗೆ ಇರಲು ಆಗದವರು. ಅವರಿಗೆ ಈ ಪುಸ್ತಕದಲ್ಲಿ ಜಾಗ ಇದೆ. ನಿನ್ನ ಕಥೆಯಲ್ಲೂ ಇರಲಿ.

ಅವರ ತಾಯಿ ರೆಬೆಕ್ಕಳನ್ನು ಮರೆಯಬೇಡ. ‘ಅಣ್ಣನ ಸಿಟ್ಟು ಇಳಿಯುವ ತನಕ ಕೆಲವು ದಿನ ಹೋಗಿರು’ ಅಂತ ಯಾಕೋಬನನ್ನು ತನ್ನ ಅಣ್ಣನ ಊರು ಹಾರಾನಿಗೆ ಕಳಿಸಿದಳು. ಆ ಕೆಲವು ದಿನ 20 ವರ್ಷವಾಯಿತು. ತಾಯಿ ಮಗ ಮತ್ತೆ ಭೇಟಿಯಾದದ್ದನ್ನು ಪುಸ್ತಕ ಹೇಳುವುದಿಲ್ಲ. ಅವಳ ದಾದಿ ದೆಬೋರಳ ಸಾವನ್ನು ಹೇಳುತ್ತದೆ, ರೆಬೆಕ್ಕಳ ಸಾವನ್ನು ಹೇಳುವುದಿಲ್ಲ. ಎಷ್ಟೋ ಕಾಲದ ಮೇಲೆ ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಸಾಯುವ ಹಾಸಿಗೆಯಲ್ಲಿ, ಯಾಕೋಬನ ಬಾಯಿಂದ ಅವಳ ಸಮಾಧಿಯ ವಿಷಯ ಬರುತ್ತದೆ.

ನಮ್ಮವರು ಏಸಾವನನ್ನು ನೋಡುವ ರೀತಿಯ ಬಗ್ಗೆ ಒಂದು ಎಚ್ಚರಿಕೆ. ಇಬ್ರಿಯರಿಗೆ ಬರೆದ ಪತ್ರದಲ್ಲಿ ಒಂದು ಊಟಕ್ಕಾಗಿ ಹಕ್ಕು ಮಾರಿದವನು ಅಂತ ಅವನ ಹೆಸರಿದೆ. ‘ಯಾಕೋಬನನ್ನು ಪ್ರೀತಿಸಿದೆ, ಏಸಾವನನ್ನು ದ್ವೇಷಿಸಿದೆ’ ಅನ್ನುವ ಪ್ರವಾದಿ ಮಲಾಕಿಯ ಕಠಿಣ ಮಾತನ್ನು ಪೌಲನು ರೋಮಾಪುರದವರಿಗೆ ಬರೆಯುವಾಗ ಎತ್ತಿ ಹೇಳುತ್ತಾನೆ. ಅದು ನಿಜ, ತಳ್ಳಿಹಾಕು ಅನ್ನುತ್ತಿಲ್ಲ. ಆದರೆ ಅದನ್ನೇ ಮೊದಲು ಓದಿ ಆಮೇಲೆ 33ನೇ ಅಧ್ಯಾಯಕ್ಕೆ ಬಂದರೆ ಓಡಿ ಬರುವ ಅಣ್ಣ ಕಾಣುವುದೇ ಇಲ್ಲ. ಓಡಿದ, ಕೊರಳ ಮೇಲೆ ಬಿದ್ದ, ಮುದ್ದಿಟ್ಟ. ಲೂಕನ 15ನೇ ಅಧ್ಯಾಯದಲ್ಲಿ ಮನೆ ಬಿಟ್ಟು ಹೋಗಿ ತಿರುಗಿ ಬರುವ ಮಗನನ್ನು ದೂರದಲ್ಲೇ ಕಂಡ ತಂದೆ ಮಾಡುವುದೂ ಇದೇ ಮೂರು ಕೆಲಸ. ಯೇಸು ಸ್ವಾಮಿ ಆ ಸಾಮ್ಯ ಹೇಳುವಾಗ ಕೇಳುತ್ತಿದ್ದವರಿಗೆ ಏಸಾವನ ಓಟ ನೆನಪಾಗಿರಬೇಕು ಅಂತ ನಾನು ನಂಬುತ್ತೇನೆ. ದೇವರ ಪ್ರೀತಿಯನ್ನು ತೋರಿಸುವುದಕ್ಕೆ ಏಸಾವನ ಕಾಲುಗಳೂ ಸಾಕಾದವು.

ಇದು ಮೊದಲು ಯೆಹೂದ್ಯರ ಗ್ರಂಥ ಅನ್ನುವುದನ್ನೂ ನೆನಪಿಡು. ಹೀಬ್ರೂ ಪ್ರತಿಗಳಲ್ಲಿ ‘ಮುದ್ದಿಟ್ಟನು’ ಅನ್ನುವ ಮಾತಿನ ಅಕ್ಷರಗಳ ಮೇಲೆ ಚುಕ್ಕೆಗಳಿವೆ. ಯಾಕೆ ಅಂತ ಅವರ ಗುರುಗಳು ಬಹಳ ವಾದ ಮಾಡಿದ್ದಾರೆ. ಮನಸಾರೆ ಮುದ್ದಿಟ್ಟ ಅಂದವರಿದ್ದಾರೆ. ಇಲ್ಲ, ಕಚ್ಚಲು ಬಂದ, ಯಾಕೋಬನ ಕತ್ತು ಅಮೃತಶಿಲೆಯಾಯಿತು ಅಂದವರೂ ಇದ್ದಾರೆ. ಕಾಲ ಹೋದ ಹಾಗೆ ಅವರ ಓದಿನಲ್ಲಿ ಏಸಾವ ಅಂದರೆ ರೋಮ್, ಆಮೇಲೆ ಕ್ರೈಸ್ತ ರಾಜ್ಯಗಳು ಅಂತಲೂ ಆಯಿತು. ನಮ್ಮ ಸಭಾಪಿತೃಗಳಲ್ಲಿ, ಅಂದರೆ ಕ್ರೈಸ್ತ ಸಭೆಯ ಮೊದಲ ಕಾಲದ ಗುರುಗಳಲ್ಲಿ, ಹಲವರು ಆಶೀರ್ವಾದ ಪಡೆದ ತಮ್ಮನೇ ನಾವು ಅಂತ ಬರೆದರು. ಇಬ್ಬರೂ ತಾವೇ ಯಾಕೋಬ ಅಂದರು. ಕ್ರೈಸ್ತ ರಾಜ್ಯಗಳಲ್ಲಿ ಯೆಹೂದ್ಯರು ಪಟ್ಟ ಪಾಡು ಗೊತ್ತಿದ್ದರೆ ಆ ಕಚ್ಚುವ ಏಸಾವ ಎಲ್ಲಿಂದ ಬಂದ ಅಂತ ತಿಳಿಯುತ್ತದೆ. ಈ ಕಥೆ ಬರೆಯುವ ಕ್ರೈಸ್ತಳ ಕೈ ಸ್ವಲ್ಪ ಮೆತ್ತಗಿರಬೇಕು, ತಂಗಿ.

ಅಣ್ಣಂದಿರೇ ಮಾರಿಬಿಟ್ಟ ಯಾಕೋಬನ ಮಗ ಯೋಸೇಫನ ಕಥೆಯನ್ನು ಮುಂದೆ ಬರೆಯುತ್ತೇನೆ ಅಂದಿದ್ದೀಯ. ಬರೆಯುವ ಮೊದಲು 37:4 ಮತ್ತು 45:15 ಜೋಡಿಸಿ ಓದು. ಮೊದಲನೆಯದರಲ್ಲಿ ಅಣ್ಣಂದಿರಿಗೆ ಅವನ ಜೊತೆ ಒಳ್ಳೆಯ ಮಾತಾಡಲು ಆಗುವುದಿಲ್ಲ. ಎರಡನೆಯದರಲ್ಲಿ ಅತ್ತ ಮೇಲೆ ಅವನ ಜೊತೆ ಮಾತಾಡಿದರು ಅಂತ ಮಾತ್ರ ಇದೆ. ಏನು ಮಾತಾಡಿದರು ಅಂತ ಇಲ್ಲ. ಆಮೇಲೆ ಯಾಕೋಬ ಐಗುಪ್ತದಲ್ಲಿ 17 ವರ್ಷ ಬದುಕಿದ. ಅವನು ಸತ್ತ ಕೂಡಲೇ ಅಣ್ಣಂದಿರಿಗೆ ಮತ್ತೆ ಭಯ, ಯೋಸೇಫ ಸೇಡು ತೀರಿಸಿಕೊಂಡಾನು ಅಂತ. ಕ್ಷಮಿಸು ಅಂತ ಹೇಳಿ ಕಳಿಸಿದರು. ಅದನ್ನು ಕೇಳಿ ಯೋಸೇಫ ಅತ್ತ. ಆ ಅಳುವಿಗೆ ಒಂದು ಪುಟವಾದರೂ ಕೊಡು.

ಸದ್ಯಕ್ಕೆ ನಿನ್ನ ಕೊನೆಯ ನಾಲ್ಕು ಸಾಲು ಹೊಡೆದು ಹಾಕು. 33:16ರಲ್ಲಿ ಏಸಾವ ಆ ದಿನವೇ ಸೇಯೀರಿಗೆ ತಿರುಗಿ ಹೊರಟ ಅಂತಿದೆ. ಹಿಂದೆ 400 ಜನ, ಅವರ ಜೊತೆ 550 ಪ್ರಾಣಿ. ತಮ್ಮ ನಿಧಾನವಾಗಿ ಬರುತ್ತೇನೆ ಅಂದಿದ್ದಾನೆ. ಆ ಸಂಜೆ ಅವನು ಒಂದು ಸಲವಾದರೂ ಹಿಂದಕ್ಕೆ ತಿರುಗಿ ನೋಡಿದನಾ? ಅಲ್ಲಿಂದ ಬರೆದು ಕಳಿಸು. ಕಾಯುತ್ತೇನೆ.

ಕ್ರಿಸ್ತನ ಪ್ರೀತಿಯಲ್ಲಿ,
ನಿನ್ನ ಅಕ್ಕ