ಕಾರವಾರಕ್ಕೆ ಟೆನಿಸ್ ಟೂರ್ನಿ: ಯಾರಿಗಾಗಿ?

ಸಂಪಾದಕರಿಗೆ,

ಕಾರವಾರದ ಕಡಲತೀರದಲ್ಲಿ ಮಹಿಳೆಯರ ಅಂತರರಾಷ್ಟ್ರೀಯ ಟೆನಿಸ್ ಟೂರ್ನಿ ನಡೆಸಬೇಕು, ಅದರಿಂದ ಪ್ರವಾಸೋದ್ಯಮ ಬೆಳೆಯುತ್ತದೆ ಎಂದು ಕಳೆದ ವಾರ ಓದುಗರೊಬ್ಬರು ನಿಮಗೆ ಬರೆದಿದ್ದರು. ಆಸೆ ಒಳ್ಳೆಯದೇ. ಅಣೆಕಟ್ಟು, ಅಣುಸ್ಥಾವರ, ನೌಕಾನೆಲೆ ಬಿಟ್ಟು ಬೇರೇನಾದರೂ ಈ ಜಿಲ್ಲೆಗೆ ಬರಲಿ ಎಂದು ಒಬ್ಬರಾದರೂ ಕೇಳಿದರಲ್ಲ ಎಂದು ಖುಷಿಯಾಯಿತು. ಆದರೆ ಅವರು ಕೇಳುತ್ತಿರುವುದು ಯಾವ ಟೂರ್ನಿ ಅನ್ನುವುದೇ ನನಗೆ ಸ್ಪಷ್ಟವಾಗಲಿಲ್ಲ.

ಟಿ.ವಿ.ಯಲ್ಲಿ ಕಾಣುವಂಥ ದೊಡ್ಡ ಟೂರ್ನಿ ಅವರ ಮನಸ್ಸಿನಲ್ಲಿದ್ದರೆ, ಅದು ಈಗ ಬೆಂಗಳೂರಿಗೇ ದಕ್ಕುತ್ತಿಲ್ಲ. 2008ರಲ್ಲಿ ಸೆರೆನಾ ಮತ್ತು ವೀನಸ್ ವಿಲಿಯಮ್ಸ್ ಇಬ್ಬರೂ ಬೆಂಗಳೂರಿಗೆ ಬಂದಿದ್ದರು. ಸೆಮಿಫೈನಲ್‌ನಲ್ಲಿ ಅಕ್ಕನನ್ನು ಸೋಲಿಸಿದ ಸೆರೆನಾ, ಫೈನಲ್‌ನಲ್ಲಿ ಪ್ಯಾಟಿ ಶ್ನೈಡರ್ ಅವರನ್ನು ಮಣಿಸಿ ಕಪ್ ಗೆದ್ದರು. ಆ ಮಟ್ಟದ ಮಹಿಳಾ ಟೂರ್ನಿ ಆಮೇಲೆ ಅಲ್ಲಿ ನಡೆದಿಲ್ಲ. ರಾಜಧಾನಿಯ ಕಥೆಯೇ ಹೀಗಿರುವಾಗ ಕಾರವಾರದ್ದು ಬಿಡಿ.

ಹಾಗಾದರೆ ನಮ್ಮಂಥ ಊರಿನ ಕೈಗೆ ಎಟುಕುವುದು ಎರಡನೇ ಸಾಲಿನ ಟೂರ್ನಿಗಳು ಮಾತ್ರ. ಅವುಗಳ ಲೆಕ್ಕ ಸ್ವಲ್ಪ ಹೇಳುತ್ತೇನೆ. ಗ್ರ್ಯಾಂಡ್‌ಸ್ಲಾಮ್ ಗೆದ್ದರೆ ವಿಶ್ವ ರ‍್ಯಾಂಕಿಂಗ್‌ಗೆ 2000 ಪಾಯಿಂಟ್. ಮಹಿಳಾ ವೃತ್ತಿಪರ ಟೆನಿಸ್ ಸಂಸ್ಥೆಯಾದ ಡಬ್ಲ್ಯುಟಿಎಯ ಸಣ್ಣ ಟೂರ್ನಿ, ಡಬ್ಲ್ಯುಟಿಎ 125 ಗೆದ್ದರೆ 125. ಅದರ ಕೆಳಗೆ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್, ಅಂದರೆ ಐಟಿಎಫ್ ನಡೆಸುವ ಮೆಟ್ಟಿಲುಗಳಿವೆ: ಡಬ್ಲ್ಯು 100, 75, 50, 35, ಕೊನೆಗೆ 15. ಗೆದ್ದವಳಿಗೆ ಸಿಗುವ ಪಾಯಿಂಟ್ ಎಷ್ಟೋ ಅದೇ ಟೂರ್ನಿಯ ಹೆಸರು. ಡಬ್ಲ್ಯು 15ರ ಒಟ್ಟು ಬಹುಮಾನ 15 ಸಾವಿರ ಡಾಲರ್. ಕೇಳಲು ದೊಡ್ಡದು. ಅದನ್ನು ಸಿಂಗಲ್ಸ್, ಡಬಲ್ಸ್ ಎಂದು ಎಲ್ಲರಿಗೂ ಹಂಚಿದ ಮೇಲೆ ಚಾಂಪಿಯನ್‌ಗೆ ಎರಡು ಸಾವಿರ ಡಾಲರ್‌ಗಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಮೊದಲ ಸುತ್ತಿನಲ್ಲೇ ಸೋತವಳಿಗೆ ಸುಮಾರು 150 ಡಾಲರ್. ಅಷ್ಟರಲ್ಲೇ ಪ್ರಯಾಣ, ಲಾಡ್ಜ್, ಊಟ, ರ‍್ಯಾಕೆಟ್‌ಗೆ ಗಟ್ಟಿಂಗ್ (ಹೊಸ ತಂತಿ), ಎಲ್ಲಾ ಆಗಬೇಕು. ಆಗುವುದಿಲ್ಲ ಬಿಡಿ. ತೆರಿಗೆ ಕಡಿತ ಬೇರೆ.

ಇಂಥ ಹುಡುಗಿಯರು ಕಾರವಾರಕ್ಕೆ ಬಂದರೆ ಪ್ರವಾಸೋದ್ಯಮಕ್ಕೆ ಏನು ಸಿಗುತ್ತದೆ ಹೇಳಿ? ಇದ್ದುದರಲ್ಲಿ ಅಗ್ಗದ ಲಾಡ್ಜ್ ಹುಡುಕಿ, ಒಂದು ಕೋಣೆಯನ್ನು ಇಬ್ಬರು ಹಂಚಿಕೊಳ್ಳುತ್ತಾರೆ. ಜೊತೆಗೆ ಕೋಚ್ ಇರುವುದಿಲ್ಲ, ಅಮ್ಮನೋ ಅಪ್ಪನೋ ಇರುತ್ತಾರೆ. ಬೆಳಿಗ್ಗೆ ಸೋತವರು ಸಂಜೆ ಬಸ್ಸಿಗೆ ಹೊರಟಿರುತ್ತಾರೆ. ಇಂಥ ಟೂರ್ನಿಗಳಿಗೆ ಸಾಮಾನ್ಯವಾಗಿ ಟಿಕೆಟ್ಟೇ ಇರುವುದಿಲ್ಲ, ಆದರೂ ಗ್ಯಾಲರಿ ಖಾಲಿ. ಪ್ರೇಕ್ಷಕರನ್ನು ನಂಬಿ ಇವನ್ನು ಯಾರೂ ನಡೆಸುವುದಿಲ್ಲ. ಇವು ಇರುವುದು ಆಡುವವರಿಗಾಗಿ.

ಆಡುವವರಿಗೆ ಸಿಗುವುದಾದರೂ ಏನು ಅನ್ನುತ್ತೀರಾ? 2012ರಲ್ಲಿ ಡಬ್ಲ್ಯುಟಿಎ 125 ಟೂರ್ನಿಗಳು ಶುರುವಾದಾಗ ಮೊದಲ ವರ್ಷವೇ ಒಂದು ಟೂರ್ನಿ ಪುಣೆಯಲ್ಲಿ ನಡೆಯಿತು. ಗೆದ್ದವಳು ಉಕ್ರೇನಿನ 18 ವರ್ಷದ ಎಲಿನಾ ಸ್ವಿಟೊಲಿನಾ. ಮುಂದೆ ಆಕೆ ವಿಶ್ವದ ಮೂರನೇ ರ‍್ಯಾಂಕಿಗೆ ಏರಿದಳು. 2017ರಲ್ಲಿ ಮುಂಬೈನ 125 ಗೆದ್ದ 19ರ ಹುಡುಗಿ ಅರಿನಾ ಸಬಲೆಂಕಾ. ಮುಂದೆ ವಿಶ್ವದ ನಂಬರ್ ಒನ್ ಆದ ಈಕೆ ಯಾರು ಎಂದು ಈಗ ಹೇಳಬೇಕಾಗಿಲ್ಲ, ಆದರೆ ಆ ವಾರ ಎಷ್ಟು ಕನ್ನಡ ಪತ್ರಿಕೆಗಳು ಅವಳ ಹೆಸರು ಹಾಕಿದ್ದವೋ! ಅದೇ ಮುಂಬೈ ಟೂರ್ನಿಯಲ್ಲಿ 2025ರಲ್ಲಿ ಕೊಯಮತ್ತೂರಿನ ಮಾಯಾ ರಾಜೇಶ್ವರನ್, 15ರ ವಯಸ್ಸಿನಲ್ಲಿ, ಅರ್ಹತಾ ಸುತ್ತಿನಿಂದ ಆಡಿಕೊಂಡು ಬಂದು ಸೆಮಿಫೈನಲ್ ತಲುಪಿದಳು. ಟೂರ್ನಿ ಮುಂಬೈನಲ್ಲಿ ನಡೆಯದೆ ಯುರೋಪಿನ ಯಾವುದೋ ಊರಲ್ಲಿ ನಡೆದಿದ್ದರೆ ಅವಳಿಗೆ ಆ ಅವಕಾಶ ಸಿಗುತ್ತಿತ್ತಾ? ನನಗೇನೋ ಅನುಮಾನ.

ಮುಖ್ಯ ವಿಷಯ ಇರುವುದೇ ಇಲ್ಲಿ. ಮಹಿಳೆಯರ ವಿಶ್ವ ರ‍್ಯಾಂಕಿಂಗ್ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಮೂರು ಟೂರ್ನಿಗಳಲ್ಲಿ ಪಾಯಿಂಟ್ ಗಳಿಸಿರಬೇಕು, ಇಲ್ಲವೇ ಒಟ್ಟು 10 ಪಾಯಿಂಟ್ ಆಗಿರಬೇಕು. ಗಳಿಸಿದ ಪಾಯಿಂಟ್ ಒಂದು ವರ್ಷ ಉಳಿಯುತ್ತದೆ, ಆಮೇಲೆ ಉದುರುತ್ತದೆ. ಹಾಗಾಗಿ ಟೂರ್ನಿ ಇರುವಲ್ಲಿಗೆಲ್ಲಾ ಓಡುತ್ತಲೇ ಇರಬೇಕು. ಮನೆಯಿಂದ ಒಂದು ರಾತ್ರಿಯ ಬಸ್ಸಿನ ದೂರದಲ್ಲಿ ಟೂರ್ನಿ ಇದ್ದರೆ ಮಧ್ಯಮ ವರ್ಗದ ಹುಡುಗಿಯೂ ಹೋಗಿ ಆಡಬಹುದು. ಟುನೀಷಿಯಾಕ್ಕೋ ಟರ್ಕಿಗೋ ಹೋಗಬೇಕಾದರೆ ಅಪ್ಪ ಅಡಿಕೆ ತೋಟ ಅಡ ಇಡಬೇಕು. ಮುಖ್ಯ ಸುತ್ತಿಗೆ ಆತಿಥೇಯರು ರ‍್ಯಾಂಕಿಂಗ್ ನೋಡದೆ ನೇರ ಪ್ರವೇಶ ಕೊಡಬಹುದಾದ ಕೆಲವು ವೈಲ್ಡ್ ಕಾರ್ಡ್‌ಗಳೂ ಇರುತ್ತವೆ. ರ‍್ಯಾಂಕಿಂಗ್ ಇಲ್ಲದ ನಮ್ಮ ಹುಡುಗಿಯರಿಗೆ ಅದೇ ಬಾಗಿಲು.

ಆದರೆ ಆ ವೈಲ್ಡ್ ಕಾರ್ಡನ್ನು ಈಗ ಉತ್ತರ ಕನ್ನಡದಲ್ಲಿ ಯಾರ ಕೈಗೆ ಕೊಡುವುದು ಮಾರಾಯ್ರೆ?

ನಾನು ಶಿರಸಿ ತಾಲ್ಲೂಕಿನ ಶಾಲೆಗಳಲ್ಲಿ ಪಿ.ಟಿ. ಟೀಚರ್ ಆಗಿದ್ದವಳು. ಕಬಡ್ಡಿ, ಖೋಖೋ, ಥ್ರೋಬಾಲ್ ಆಡಿಸಿದೆ. ಟೆನಿಸ್ ಆಡಿಸಲಿಲ್ಲ, ಕಾರಣ ಕೋರ್ಟ್ ಇರಲಿಲ್ಲ. ಈ ಜಿಲ್ಲೆಯಲ್ಲಿ ನನ್ನ ಕಣ್ಣಿಗೆ ಬಿದ್ದ ಒಂದೆರಡು ಕೋರ್ಟ್‌ಗಳು ಯಾವುದೋ ಕಾಂಪೌಂಡಿನ ಒಳಗೆ, ಗೇಟಿನ ಹಿಂದೆ. ಶಟಲ್‌ಗೆ ಮಾತ್ರ ಈಗ ಕೊರತೆಯಿಲ್ಲ. ತಗಡಿನ ಮಾಡು ಹಾಕಿದರೆ ಮಳೆಗಾಲದಲ್ಲೂ ಆಡಬಹುದಲ್ಲ! ಟೆನಿಸ್‌ಗೆ ಆಟದ ಗೆರೆಗಳೇ 78 ಅಡಿ ಉದ್ದ, 36 ಅಡಿ ಅಗಲ. ಸುತ್ತ ಓಡಲು ಜಾಗ ಸೇರಿಸಿದರೆ 120ಕ್ಕೆ 60 ಅಡಿ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣಿನ ಕೋರ್ಟ್ ಇಲ್ಲಿ ಗದ್ದೆಯೇ ಸರಿ. ಸಿಮೆಂಟಿನ ಮೇಲೆ ಬಣ್ಣದ ಪದರ ಹಾಕಿದ ಹಾರ್ಡ್ ಕೋರ್ಟ್ ಆಗಬೇಕು, ನೀರು ಹರಿದು ಹೋಗುವಂತೆ ಇಳಿಜಾರು ಸರಿಯಾಗಿ ಕೊಡಬೇಕು. ಕಾರವಾರದಲ್ಲಾದರೆ ಉಪ್ಪುಗಾಳಿಗೆ ಬೇಲಿಯ ತಂತಿ, ದೀಪದ ಕಂಬ ತುಕ್ಕು ಹಿಡಿಯುವುದನ್ನೂ ಲೆಕ್ಕ ಹಾಕಬೇಕು. ಕಟ್ಟಿ ರಿಬ್ಬನ್ ಕತ್ತರಿಸಿ ಹೋದರೆ ಆಗಲಿಲ್ಲ. ಪ್ರತಿ ವರ್ಷ ಮಳೆ ಮುಗಿದ ಮೇಲೆ ಪಾಚಿ ಉಜ್ಜಿ ತೆಗೆಯುವವರು ಬೇಕು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮಗಳು ಟೆನಿಸ್ ಕಲಿಯಲು ವಾರದ ಕೊನೆಗೆ ಶಿರಸಿಯಿಂದ ಹುಬ್ಬಳ್ಳಿಗೆ ಹೋಗುತ್ತಾಳೆ. ಹೋಗುವುದೇ ನೂರು ಕಿಲೋಮೀಟರ್. ಎಸ್ಸೆಸ್ಸೆಲ್ಸಿ ಬಂದರೆ ಇದು ನಿಲ್ಲುತ್ತದೆ ಎಂದು ತಾಯಿಯೇ ಹೇಳುತ್ತಾಳೆ. ಐಟಿಎಫ್ ನಿಯಮದ ಪ್ರಕಾರ 14 ತುಂಬದೆ ವೃತ್ತಿಪರ ಟೂರ್ನಿ ಆಡುವಂತಿಲ್ಲ, 18ರವರೆಗೆ ವರ್ಷಕ್ಕೆ ಇಷ್ಟೇ ಎಂಬ ಮಿತಿಯೂ ಇದೆ. ಅಂದರೆ ಬೇರೆ ಕಡೆಯ ಹುಡುಗಿಯರು ಶುರು ಮಾಡುವ ವಯಸ್ಸಿಗೆ ನಮ್ಮವರು ರ‍್ಯಾಕೆಟ್ ಅಟ್ಟಕ್ಕೆ ಹಾಕುತ್ತಾರೆ.

ಸಣ್ಣ ಊರಿನಿಂದ ಆಗುವುದೇ ಇಲ್ಲ ಅಂತಲ್ಲ. 2014ರ ಏಷ್ಯನ್ ಗೇಮ್ಸ್‌ನಲ್ಲಿ ಸಾನಿಯಾ ಮಿರ್ಜಾ ಜೊತೆ ಡಬಲ್ಸ್ ಕಂಚು ಗೆದ್ದ ಪ್ರಾರ್ಥನಾ ಥೋಂಬರೆ, ಸೊಲ್ಲಾಪುರ ಜಿಲ್ಲೆಯ ಬಾರ್ಶಿಯವರು. ಬಾರ್ಶಿ ತಾಲ್ಲೂಕು ಕೇಂದ್ರ, ನಮ್ಮ ಶಿರಸಿಯ ಹಾಗೆ. ಆ ಸೊಲ್ಲಾಪುರದಲ್ಲೂ ಮಹಿಳೆಯರ ಐಟಿಎಫ್ ಟೂರ್ನಿ ನಡೆದಿದೆ. ಪುರುಷರದು 2023ರಲ್ಲಿ ಧಾರವಾಡ, ಕಲಬುರಗಿ ಎರಡೂ ಕಡೆ ನಡೆಯಿತು. ಅಲ್ಲೆಲ್ಲಾ ಕೋರ್ಟ್ ಮೊದಲೇ ಇತ್ತು, ಆಡುವ ಮಂದಿ ಇದ್ದರು. ಧಾರವಾಡದಲ್ಲಿ ಮಹಿಳೆಯರಿಗೂ ಒಂದು ಡಬ್ಲ್ಯು 15 ಅಥವಾ 35 ನಿಯಮಿತವಾಗಿ ನಡೆದರೆ ನಮ್ಮ ಜಿಲ್ಲೆಗೆ ಅಷ್ಟೇ ಸಾಕು, ಬೆಳಿಗ್ಗೆ ಹೋಗಿ ನೋಡಿ ಸಂಜೆ ಬರಬಹುದು.

ಹಾಗಾಗಿ ಕ್ರೀಡಾ ಇಲಾಖೆಯಲ್ಲಿ ನನ್ನ ಕೇಳಿಕೆ ಸಣ್ಣದು. ಶಿರಸಿಯಲ್ಲಿ ಎರಡು, ಕಾರವಾರದಲ್ಲಿ ಎರಡು ಹಾರ್ಡ್ ಕೋರ್ಟ್ ಕಟ್ಟಿ. ಶಾಲೆಯ ಮಕ್ಕಳು ಒಳಗೆ ಹೋಗುವಂತಿರಲಿ. ಒಬ್ಬ ಕೋಚ್‌ಗೆ ಸಂಬಳ ಕೊಡಿ. ಟೂರ್ನಿಯ ಮಾತು ಐದಾರು ವರ್ಷ ಬಿಟ್ಟು ಆಡೋಣ. ಕಡಲತೀರದಲ್ಲೇ ಏನಾದರೂ ಆಗಬೇಕು ಎಂದು ಆ ಓದುಗರಿಗೆ ಹಟವಿದ್ದರೆ, ಮರಳಿನ ಮೇಲೆ ಆಡುವ ಬೀಚ್ ಟೆನಿಸ್ ಎಂಬ ಬೇರೆಯೇ ಆಟ ಇದೆ. ಅದಕ್ಕೂ ಐಟಿಎಫ್ ಟೂರ್ನಿಗಳಿವೆ. ಟಾಗೋರ್ ಬೀಚಿಗೆ ಅದನ್ನು ಕೇಳಲಿ, ನಾನೂ ಸಹಿ ಹಾಕುತ್ತೇನೆ.

ನಿಮ್ಮಲ್ಲೂ ಒಂದು ಕೇಳಿಕೆ ಇದೆ. ವಿಂಬಲ್ಡನ್‌ಗೆ ಅರ್ಧ ಪುಟ ಕೊಡುತ್ತೀರಿ, ಸಂತೋಷ. ಆದರೆ 2023ರ ಮಾರ್ಚ್‌ನಲ್ಲಿ ಬೆಂಗಳೂರಿನ ಐಟಿಎಫ್ ಫೈನಲ್‌ನಲ್ಲಿ ನಮ್ಮ ಅಂಕಿತಾ ರೈನಾ, 15 ವರ್ಷದ ಜೆಕ್ ಹುಡುಗಿ ಬ್ರೆಂಡಾ ಫ್ರುಹ್‌ವಿರ್ಟೊವಾ ಎದುರು ಸೋತಾಗ ಅದು ನಮ್ಮ ಊರಿನ ಎಷ್ಟು ಮಂದಿಗೆ ಗೊತ್ತಾಯಿತು? ಭಾರತದಲ್ಲಿ ನಡೆಯುವ ಮಹಿಳೆಯರ ಐಟಿಎಫ್ ಟೂರ್ನಿಗಳ ಫಲಿತಾಂಶವನ್ನು ಸಣ್ಣ ಅಕ್ಷರದಲ್ಲಾದರೂ, ಅರ್ಹತಾ ಸುತ್ತಿನಿಂದಲೇ, ದಿನಾ ನಾಲ್ಕು ಸಾಲು ಹಾಕಿ. ಹೆಸರು, ಊರು, ಸ್ಕೋರು, ಅಷ್ಟು ಸಾಕು. ಜಾಗ ಸಾಲದಿದ್ದರೆ ಕ್ರಿಕೆಟಿಗರ ಹೊಸ ಹೇರ್‌ಸ್ಟೈಲಿನ ಫೋಟೊ ಒಂದು ಕಡಿಮೆ ಮಾಡಬಹುದು.

ಇತಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ, ಶಿರಸಿ